ಪಾಳಿ ಬದಲಾದಾಗ ಮಾತ್ರೆಯ ಹೊತ್ತು ಯಾವುದು?

‘ಮ್ಯಾನೇಜ್‌ಮೆಂಟ್’ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಂಪನಿ, ಕಚೇರಿ, ಸಾಹೇಬರ ಮೀಟಿಂಗು. ಸಂಡೂರು ತಾಲ್ಲೂಕಿನ ದೋಣಿಮಲೈ ಕಡೆಯವರಿಗಂತೂ ಈ ಶಬ್ದ ಹೊಸದಲ್ಲ. 1977ರಲ್ಲಿ ಅಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮದ ಕಬ್ಬಿಣದ ಅದಿರಿನ ಗಣಿ ಆರಂಭವಾಯಿತು. ಗಣಿಯಲ್ಲಿ ಡಂಪರ್ ಕೆಟ್ಟು ನಿಂತ ಮೇಲೆ ನೋಡೋಣ ಎಂದು ಯಾರೂ ಸುಮ್ಮನಿರುವುದಿಲ್ಲ. ಇಷ್ಟು ಗಂಟೆ ಓಡಿದರೆ ಆಯಿಲ್ ಬದಲಿಸಬೇಕು ಎಂಬ ಲೆಕ್ಕ ಇಟ್ಟಿರುತ್ತಾರೆ. ಆದರೆ ಅದೇ ಡಂಪರ್ ಓಡಿಸುವವರ ರಕ್ತದೊತ್ತಡದ ಲೆಕ್ಕ ಎಷ್ಟು ಮನೆಗಳಲ್ಲಿದೆ?

‘ಡಾಕ್ಟ್ರೇ, ಈ ಮಾತ್ರೆ ಎಷ್ಟು ದಿನ ನುಂಗಬೇಕು?’ ಎಂಬುದು ನಾವು ವೈದ್ಯರು ದಿನವೂ ಕೇಳುವ ಪ್ರಶ್ನೆ. ಟೈಫಾಯ್ಡ್ ಆದರೆ ಇಷ್ಟು ದಿನ ಎಂದು ಹೇಳಬಹುದು. ಅದು ಗುಣವಾಗುವ ಕಾಯಿಲೆ. ಮಧುಮೇಹ, ರಕ್ತದೊತ್ತಡಗಳ ಜಾತಿಯೇ ಬೇರೆ. ಅವು ಸಾಮಾನ್ಯವಾಗಿ ಬಿಟ್ಟು ಹೋಗುವುದಿಲ್ಲ, ಅವನ್ನು ನಿರ್ವಹಿಸಬೇಕು. ವೈದ್ಯರ ಪಾಲು ತಿಂಗಳಿಗೊಮ್ಮೆ ಹತ್ತು ನಿಮಿಷ. ಉಳಿದದ್ದೆಲ್ಲ ನಿಮ್ಮ ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ ನಡೆಯುವ ಕೆಲಸ.

ಬೆಳಿಗ್ಗೆ ಹೋಗಿ ಸಂಜೆ ಬರುವ ನೌಕರರಿಗೆ ಇದು ಅಷ್ಟೇನೂ ಕಷ್ಟವಲ್ಲ. ಪಾಳಿಯಲ್ಲಿ ದುಡಿಯುವವರ ಮನೆಯಲ್ಲಿ ಹಾಗಲ್ಲ. ಈ ವಾರ ಬೆಳಗಿನ ಪಾಳಿ, ಮುಂದಿನ ವಾರ ರಾತ್ರಿ ಪಾಳಿ. ಚೀಟಿಯಲ್ಲಿ ಮಾತ್ರ ‘ಬೆಳಿಗ್ಗೆ ಒಂದು, ರಾತ್ರಿ ಒಂದು’ ಎಂದೇ ಬರೆದಿರುತ್ತದೆ. ರಾತ್ರಿ ದುಡಿದು ಬಂದವರಿಗೆ ಬೆಳಿಗ್ಗೆ ಎಂದರೆ ಯಾವುದು? ಏಳುವ ಹೊತ್ತೋ, ಮಲಗುವ ಹೊತ್ತೋ?

ಮೊದಲು ರಕ್ತಪರೀಕ್ಷೆಯ ವಿಷಯ. ರಾತ್ರಿ ಪಾಳಿ ಮುಗಿಸಿದವರು ನೇರವಾಗಿ ಲ್ಯಾಬಿಗೆ ಬಂದು ಖಾಲಿ ಹೊಟ್ಟೆಯ ಪರೀಕ್ಷೆ ಎಂದು ರಕ್ತ ಕೊಡುತ್ತಾರೆ. ವಿಚಾರಿಸಿದರೆ ಮೂರು ಗಂಟೆಗೆ ಒಗ್ಗರಣೆ ಮಂಡಕ್ಕಿ ತಿಂದು, ಎರಡು ಸಲ ಸಕ್ಕರೆ ಹಾಕಿದ ಚಹಾ ಕುಡಿದಿರುತ್ತಾರೆ! ಖಾಲಿ ಹೊಟ್ಟೆ ಎಂದರೆ ಕನಿಷ್ಠ 8 ಗಂಟೆ ನೀರು ಬಿಟ್ಟು ಬೇರೇನೂ ಸೇವಿಸಿರಬಾರದು. ಸೂರ್ಯ ಹುಟ್ಟಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಇಂಥವರಿಗೆ ಎಚ್‌ಬಿಎ1ಸಿ ಪರೀಕ್ಷೆ ಅನುಕೂಲ. ಅದನ್ನು ಯಾವ ಹೊತ್ತಿನಲ್ಲಾದರೂ ಮಾಡಿಸಬಹುದು. ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಅಂದಾಜು ಸಿಗುತ್ತದೆ. ಪರೀಕ್ಷೆಗೆ ಹೆದರಿ ಹಿಂದಿನ ಎರಡು ದಿನ ಬರೀ ಜೋಳದ ರೊಟ್ಟಿ, ಪಲ್ಯ ತಿಂದವರ ಗುಟ್ಟನ್ನೂ ಅದು ಬಯಲು ಮಾಡುತ್ತದೆ ಎಂಬುದು ಬೇರೆ ಮಾತು.

ಇನ್ನು ಮಾತ್ರೆ. ಗ್ಲಿಮೆಪಿರೈಡ್‌ನಂಥ ಮಧುಮೇಹದ ಮಾತ್ರೆಗಳಿಗೆ ಬೇಕಾದುದು ಗಡಿಯಾರವಲ್ಲ, ಊಟ. ಮಾತ್ರೆ ನುಂಗಿ ಉಣ್ಣದೆ ಮಲಗಿದರೆ ರಕ್ತದ ಸಕ್ಕರೆ ಇಳಿಯುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಈ ಅಪಾಯ ಇನ್ನೂ ಹೆಚ್ಚು. ಕೈ ನಡುಕ, ಬೆವರು, ಎದೆಬಡಿತ, ಕಣ್ಣು ಮಂಜು, ಆಮೇಲೆ ಮಂಕು. ಮನೆಯ ಹಾಸಿಗೆಯಲ್ಲಿ ಹೀಗಾದರೇ ಭಯ. ನಡುರಾತ್ರಿ ಗಣಿಯ ಇಳಿಜಾರಿನಲ್ಲಿ ಸ್ಟೀರಿಂಗ್ ಹಿಡಿದಾಗ ಆದರೆ ಗತಿಯೇನು? ಸಕ್ಕರೆ 70ಕ್ಕಿಂತ ಕೆಳಗಿಳಿದರೆ, ಅಥವಾ ಮೀಟರ್ ಇಲ್ಲದೆ ಈ ಲಕ್ಷಣಗಳು ಕಂಡರೂ ಸಾಕು, ವಾಹನ ನಿಲ್ಲಿಸಿ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. 15 ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ ಕುಡಿಯಬೇಕು. ನಂತರ ಏನಾದರೂ ತಿನ್ನಲೇಬೇಕು. ಸಕ್ಕರೆ ಕಾಯಿಲೆಯವರು ಜೇಬಿನಲ್ಲಿ ಸಕ್ಕರೆ ಇಟ್ಟುಕೊಂಡರೆ ಜೊತೆಯವರು ನಗಬಹುದು, ನಗಲಿ ಬಿಡಿ.

ಬಿ.ಪಿ. ಮಾತ್ರೆಯ ಮಟ್ಟಿಗೆ ಇಷ್ಟು ಕಟ್ಟುನಿಟ್ಟಿಲ್ಲ. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆಳಿಗ್ಗೆ ನುಂಗಿದವರಿಗೂ ಸಂಜೆ ನುಂಗಿದವರಿಗೂ ಹೃದಯಾಘಾತ, ಪಾರ್ಶ್ವವಾಯುಗಳ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ತಪ್ಪಿಸದಿರುವುದೇ ಮುಖ್ಯ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ. ಮೂತ್ರ ಹೆಚ್ಚಿಸುವ ಮಾತ್ರೆಯಿದ್ದರೆ ಮಲಗುವ ಮುನ್ನ ಬೇಡ, ನಿದ್ದೆ ಕೆಡುತ್ತದೆ. ಯಾವುದನ್ನೂ ನೀವಾಗಿಯೇ ಹಿಂದೆಮುಂದೆ ಮಾಡದೆ, ಮುಂದಿನ ಸಲ ವೈದ್ಯರ ಬಳಿಗೆ ಹೋಗುವಾಗ ಪಾಳಿಯ ಪಟ್ಟಿಯನ್ನೂ ಒಯ್ಯಿರಿ. ಪ್ರತಿ ಪಾಳಿಗೂ ಮಾತ್ರೆಯ ಹೊತ್ತನ್ನು ಬೇರೆ ಬೇರೆಯಾಗಿ ಬರೆಸಿಕೊಂಡು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ.

ನಮ್ಮ ದೇಹದೊಳಗೂ ಒಂದು ಗಡಿಯಾರವಿದೆ. ಅದು ನಡೆಯುವ ಬಗೆಯನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂದಿತು. ರಾತ್ರಿ ಹೊತ್ತು ದೇಹ ಸಕ್ಕರೆಯನ್ನು ಹಗಲಿನಷ್ಟು ಚೆನ್ನಾಗಿ ಬಳಸಿಕೊಳ್ಳಲಾರದು. ಆದ್ದರಿಂದ ದೊಡ್ಡ ಊಟವನ್ನು ಪಾಳಿಗೆ ಹೊರಡುವ ಮುನ್ನ ಮುಗಿಸಿ, ನಡುರಾತ್ರಿಯ ನಂತರ ಹಗುರವಾಗಿ ತಿನ್ನುವುದು ಮೇಲು. ಚಹಾ ಪಾಳಿಯ ಮೊದಲರ್ಧಕ್ಕೆ ಸಾಕು. ಬೆಳಿಗ್ಗೆ ಮನೆಗೆ ಬಂದವರು ಕೋಣೆಗೆ ದಪ್ಪ ಪರದೆ ಹಾಕಿ, ಫೋನ್ ಹೊರಗಿಟ್ಟು ಮಲಗಬೇಕು. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ಹಗಲು ನಿದ್ದೆ ಸುಲಭವಲ್ಲ, ಒಪ್ಪಿದೆ. ಒಂದೇ ದಮ್ಮಿಗೆ ಏಳು ಗಂಟೆ ಆಗದಿದ್ದರೆ, ಪಾಳಿಗೆ ಮುನ್ನ ಇನ್ನೊಂದು ಸಣ್ಣ ನಿದ್ದೆ ಮಾಡಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸಂಶಯ. ಯಜಮಾನರು ಮಲಗಿದ್ದಾರೆಂದು ಕುಕ್ಕರ್ ಸೀಟಿಯನ್ನೂ ತಡೆಯುವವರು ಯಾರು? ಮಕ್ಕಳ ಡಬ್ಬಿ, ಅತ್ತೆಯ ಇನ್ಸುಲಿನ್, ಪಾಳಿಗೊಂದರಂತೆ ಅಡುಗೆ, ಇವನ್ನೆಲ್ಲ ನಿರ್ವಹಿಸುವ ಗೃಹಿಣಿಯೇ ಆ ಮನೆಯ ಮ್ಯಾನೇಜರ್. ಅವರ ನಿದ್ದೆಯೂ ಪಾಳಿಯದೇ ಆದರೂ ಅವರಿಗೆ ವಾರದ ರಜೆಯಿಲ್ಲ. ಗಂಡನ ಬಿ.ಪಿ. ಎಷ್ಟೆಂದು ಬಾಯಿಪಾಠ ಹೇಳುವವರು, ತಮ್ಮದನ್ನು ಕೇಳಿದರೆ ಕಡೆಯ ಹೆರಿಗೆಯಲ್ಲಿ ನೋಡಿಸಿದ್ದು ಎನ್ನುತ್ತಾರೆ. 30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ತಪಾಸಣೆ ಉಚಿತ. ಮಾತ್ರೆಯ ಡಬ್ಬಿ ತುಂಬುವ ಕೆಲಸವನ್ನಾದರೂ ರಜೆಯ ದಿನ ಗಂಡಸರು ವಹಿಸಿಕೊಂಡರೆ ಆಕೆಗೆ ಅಲ್ಲಿಗೆ ಹೋಗಿಬರಲು ಬಿಡುವಾದೀತು.

ಕೊನೆಯದಾಗಿ, ಮೊದಲೇ ತೀರ್ಮಾನಿಸಬೇಕಾದ ಸಂಗತಿಯೊಂದಿದೆ. ಮುಖ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣಗಳು. ಮಿದುಳಿನ ರಕ್ತನಾಳದ ಗರಣೆ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮುನ್ನ ಸಿ.ಟಿ. ಸ್ಕ್ಯಾನ್ ಆಗಬೇಕು. ದೋಣಿಮಲೈಯಿಂದ ಹೊಸಪೇಟೆಗೋ ಬಳ್ಳಾರಿಗೋ, ಅಲ್ಲಿ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಈ ಸೌಲಭ್ಯವಿದೆ, 108 ಬರುವುದು ತಡವಾದರೆ ಯಾರ ಕಾರು ಎಂದು ಇವತ್ತೇ ವಿಚಾರಿಸಿ ಬರೆದಿಡಿ. ಲಕ್ಷಣ ಶುರುವಾದ ಗಂಟೆಯನ್ನು ನೆನಪಿಟ್ಟುಕೊಂಡು ಹೇಳಿ, ವೈದ್ಯರು ಮೊದಲು ಕೇಳುವುದು ಅದನ್ನೇ. ಮನೆಯಲ್ಲಿ ಬಾಯಿಗೆ ನೀರು, ಮಾತ್ರೆ ಏನನ್ನೂ ಹಾಕಬೇಡಿ.