ಕಾರ್ಯಾಲಯಗಳಲ್ಲಿ ಸಕ್ಕರೆಯ ಪಾನೀಯ

ಸಂಸ್ಕೃತದ ‘ಶರ್ಕರಾ’ ಶಬ್ದಕ್ಕೆ ಹರಳು, ಮರಳು ಎಂಬ ಅರ್ಥಗಳೂ ಉಂಟು. ಅದೇ ಶಬ್ದವು ಪ್ರಾಕೃತದ ಮೂಲಕ ಕನ್ನಡಕ್ಕೆ ಬಂದು ‘ಸಕ್ಕರೆ’ಯಾಯಿತು; ಪಾರಸಿ ಅರಬ್ಬಿಗಳ ಮಾರ್ಗವಾಗಿ ಪಶ್ಚಿಮಕ್ಕೆ ಹೋಗಿ ಇಂಗ್ಲಿಷಿನಲ್ಲಿ ‘ಷುಗರ್’ ಎನಿಸಿತು. ಹರಳಾಗಿರುವಾಗ ಕಣ್ಣಿಗೆ ಕಾಣುವ ಈ ಪದಾರ್ಥವು ನೀರಿನಲ್ಲಿ ಕರಗಿತೆಂದರೆ ಕಾಣದು. ತೊಡಕೆಲ್ಲ ಮೊದಲಾಗುವುದು ಇಲ್ಲಿಂದಲೇ. 12 ಔನ್ಸು, ಎಂದರೆ 355 ಮಿಲಿಲೀಟರು ಹಿಡಿಯುವ ಕೋಲಾ ಪಾನೀಯದ ಒಂದು ಡಬ್ಬಿಯಲ್ಲಿ ಸುಮಾರು 39 ಗ್ರಾಂ ಸಕ್ಕರೆಯಿರುವುದು. ಅಷ್ಟನ್ನು ಚಮಚದಿಂದ ಅಳೆದು ಬಾಯಿಗೆ ಹಾಕಿಕೊಳ್ಳೆಂದರೆ ಒಪ್ಪುವವರು ವಿರಳ. ಇಂತಹ ಸಕ್ಕರೆಯು ದಿನದ ಆಹಾರಶಕ್ತಿಯಲ್ಲಿ ಹತ್ತನೆಯ ಒಂದು ಪಾಲಿಗಿಂತ ಕಡಮೆಯಿರಬೇಕೆಂದೂ, ಇಪ್ಪತ್ತನೆಯ ಒಂದು ಪಾಲಿಗೆ, ಎಂದರೆ ಸುಮಾರು 25 ಗ್ರಾಮಿಗೆ, ಇಳಿದರೆ ಮತ್ತೂ ಲೇಸೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ತಿಳಿಸಿತು. ಕುಡಿದ ಸಕ್ಕರೆಯು ಘನಾಹಾರದಂತೆ ಹಸಿವನ್ನು ತಣಿಸದಿರುವುದರಿಂದ ಊಟವು ಕಡಮೆಯಾಗುವುದಿಲ್ಲ. ಅದು ಊಟದ ಮೇಲಣ ಹೆಚ್ಚಿಗೆಯಾಗಿಯೇ ಉಳಿಯುತ್ತದೆ.

ಉದ್ಯೋಗಸ್ಥಳದಲ್ಲಿ ಈ ಅಭ್ಯಾಸವನ್ನು ತಗ್ಗಿಸಬಹುದೇ ಎಂಬ ಪ್ರಶ್ನೆಗೆ ಗಮನಾರ್ಹವಾದ ಒಂದು ಉತ್ತರವು ಅಮೆರಿಕದ ಸಾನ್ ಫ್ರಾನ್ಸಿಸ್ಕೊ ನಗರದಿಂದ ಬಂದಿದೆ. ಅಲ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯವು ವೈದ್ಯವಿದ್ಯೆಗೆ ಹೆಸರಾದುದು; ಆಸ್ಪತ್ರೆಗಳನ್ನೂ ನಡೆಸತಕ್ಕದ್ದು. ಒಂದು ಕೊಠಡಿಯಲ್ಲಿ ಮಧುಮೇಹಕ್ಕೆ ಚಿಕಿತ್ಸೆ ಮಾಡುತ್ತ ಹೊರಗಣ ಅಂಗಡಿಯಲ್ಲಿ ಸಕ್ಕರೆಯ ನೀರನ್ನು ಮಾರುವುದು ಆಭಾಸವೇ ಸರಿ. 2015ರಲ್ಲಿ ಆ ಸಂಸ್ಥೆಯು ತನ್ನ ಆವರಣಗಳಲ್ಲಿ ಸಕ್ಕರೆ ಬೆರಸಿದ ಪಾನೀಯಗಳ ಮಾರಾಟವನ್ನು ನಿಲ್ಲಿಸಿತು. ಕುಡಿಯುವುದನ್ನು ನಿಷೇಧಿಸಲಿಲ್ಲವೆಂಬುದು ಇಲ್ಲಿ ಮುಖ್ಯ: ಬೇಕಾದವರು ಹೊರಗಿನಿಂದ ತರಬಹುದಾಗಿತ್ತು. ನಿಯಮವು ಮನುಷ್ಯನನ್ನು ಕಟ್ಟಲಿಲ್ಲ, ಕಪಾಟನ್ನು ಬದಲಾಯಿಸಿತು.

ಇದರ ಫಲವನ್ನು ಎಲಿಸ್ಸ ಎಪೆಲ್ ಮತ್ತು ಅವರ ಸಹೋದ್ಯೋಗಿಗಳು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ದಿನಕ್ಕೆ 12 ಔನ್ಸಿಗೆ ಕಡಮೆಯಿಲ್ಲದಂತೆ ಕುಡಿಯುತ್ತಿದ್ದ 214 ಮಂದಿ ನೌಕರರು ಅದರಲ್ಲಿ ಸೇರಿದ್ದರು. ಮೊದಲು ಇವರ ಸರಾಸರಿ ದಿನಕ್ಕೆ 35.5 ಔನ್ಸು, ಹತ್ತು ತಿಂಗಳ ತರುವಾಯ 18 ಔನ್ಸು. ಸೊಂಟದ ಸುತ್ತಳತೆಯು ಸರಾಸರಿ 2.1 ಸೆಂಟಿಮೀಟರು ಇಳಿಯಿತು. ದೇಹಭಾರದಲ್ಲಿ ಮಾತ್ರ ಗಣ್ಯವಾದ ವ್ಯತ್ಯಾಸ ಕಾಣಲಿಲ್ಲ.

ಇದಕ್ಕಿಂತಲೂ ವಿಚಾರಾರ್ಹವಾದುದು ಇನ್ನೊಂದು ಅಂಶ. ಇವರಲ್ಲಿ ಅರ್ಧದಷ್ಟು ಮಂದಿಯನ್ನು ಚೀಟಿಯೆತ್ತಿದಂತೆ ಆರಿಸಿ, ಅವರೊಡನೆ ಅಲ್ಪಕಾಲದ ಸಂಭಾಷಣೆಯನ್ನು ನಡೆಸಲಾಗಿತ್ತು. ಗದರಿಸಿ ಬುದ್ಧಿ ಹೇಳುವ ಬಗೆಯಲ್ಲ ಅದು. ಏಕೆ ಕುಡಿಯುವೆನು, ಎಷ್ಟು ಬಿಡಬಲ್ಲೆನು ಎಂಬುದನ್ನು ನೌಕರನಿಂದಲೇ ಹೇಳಿಸುವ ಕ್ರಮ. ಮಾರಾಟದ ತಡೆಯೊಂದೇ ಇದ್ದವರು ದಿನಕ್ಕೆ ಸುಮಾರು 8 ಔನ್ಸು ತಗ್ಗಿಸಿದರೆ, ಮಾತುಕತೆಯೂ ದೊರೆತವರು ಸುಮಾರು 25 ಔನ್ಸು ತಗ್ಗಿಸಿದರು. ತಡೆಯು ಎಲ್ಲರನ್ನೂ ಮುಟ್ಟಿತು. ಸಂಭಾಷಣೆಯು ಅದನ್ನು ಹಲವು ಮಡಿ ಬಲಗೊಳಿಸಿತು. ಬರಿಯ ಭಿತ್ತಿಪತ್ರಗಳನ್ನು ಅಂಟಿಸಿ ಕೈತೊಳೆದುಕೊಳ್ಳುವ ಆಡಳಿತಗಾರರು ಈ ಅಂತರವನ್ನು ಗಮನಿಸತಕ್ಕದ್ದು.

ಆದರೂ ಪ್ರಮಾಣವನ್ನು ಮೀರಿ ಹೇಳಲಾಗದು. ತಡೆಯಿಲ್ಲದ ಬೇರೊಂದು ಸಂಸ್ಥೆಯ ನೌಕರರನ್ನು ಹೋಲಿಕೆಗಾಗಿ ಇಟ್ಟುಕೊಂಡಿರಲಿಲ್ಲ. ಕುಡಿದ ಅಳತೆಯಾದರೋ ನೌಕರರು ತಾವೇ ಹೇಳಿದ್ದು, ಪರೀಕ್ಷಕರ ಮುಂದೆ ಅದು ಕೊಂಚ ಕುಗ್ಗುವ ಸಂಭವವುಂಟು. ಸಂಭಾಷಣೆಯ ಫಲವನ್ನು ಮಾತ್ರ, ಆಯ್ಕೆಯು ಯದೃಚ್ಛೆಯಿಂದ ನಡೆದುದರಿಂದ, ಹೆಚ್ಚು ನೆಚ್ಚಬಹುದು.

ಕನ್ನಡನಾಡಿನ ಕಚೇರಿಗಳಲ್ಲಿ ಸಕ್ಕರೆಯು ಡಬ್ಬಿಗಿಂತ ಹೆಚ್ಚಾಗಿ ಕಾಫಿ ಚಹಗಳ ಲೋಟದಲ್ಲಿ ಬರುವುದು; ಅದನ್ನೂ ಅನೇಕ ಕಡೆ ಮಾಣಿಯು ಬೆರಸಿಯೇ ತರುತ್ತಾನೆ. ಇಂತಹಲ್ಲಿ ಪಾನೀಯವನ್ನೇ ತೆಗೆದುಹಾಕುವ ಮಾತು ಸಲ್ಲದು. ಸಕ್ಕರೆಯನ್ನು ಬೇರೆ ಬಟ್ಟಲಲ್ಲಿ ಇಟ್ಟರೆ ಎಷ್ಟು ಚಮಚ ಬಿತ್ತೆಂಬುದು ಕುಡಿಯುವವನ ಕಣ್ಣಿಗಾದರೂ ಬೀಳುವುದು.