ಚುಕ್ಕಿಯ ಎಡಕ್ಕೊಂದು ನಕ್ಷತ್ರ

ದೊಡ್ಡಬೆಳವಂಗಲದ ಕಡೆಯವರು ವಿಳಾಸ ಬರೆಯುವುದು ಸಣ್ಣದರಿಂದ ದೊಡ್ಡದಕ್ಕೆ: ಮೊದಲು ಹೆಸರು, ಆಮೇಲೆ ಊರು, ಹೋಬಳಿ, ದೊಡ್ಡಬಳ್ಳಾಪುರ ತಾಲ್ಲೂಕು, ಬೆಂಗಳೂರು ಗ್ರಾಮಾಂತರ ಜಿಲ್ಲೆ. ಅಂತರಜಾಲದ ವಿಳಾಸವೂ ಹೀಗೆಯೇ. 1986ರಲ್ಲಿ ಹುಟ್ಟಿದ ಈ ಜಿಲ್ಲೆಯ ಜಾಲತಾಣ ‘ಬೆಂಗಳೂರುರೂರಲ್ ಡಾಟ್ ಎನ್‌ಐಸಿ ಡಾಟ್ ಇನ್’. ಕೊನೆಯದು ದೇಶ, ನಡುವಿನದು ಸಂಸ್ಥೆ, ಎಡತುದಿಯದು ಜಿಲ್ಲೆ. ಆ ಎಡತುದಿಯ ಹೆಸರೇ ಸಬ್‌ಡೊಮೇನ್.

ದೊಡ್ಡಬಳ್ಳಾಪುರ ಮಗ್ಗಗಳ ಊರು. ಅಲ್ಲಿನ ನೇಕಾರರಿಗೆಲ್ಲ ಒಂದೇ ಪಿಎಚ್‌ಪಿ ತಂತ್ರಾಂಶದಲ್ಲಿ ಸೀರೆ ಅಂಗಡಿ ತೆರೆದುಕೊಡಲು ಯಾರೋ ಹೊರಟರು ಎನ್ನಿ. ಅಂಗಡಿಗೊಂದು ಸಬ್‌ಡೊಮೇನ್ ಬೇಕು. ಹೊಸಬರು ಸೇರಿದಾಗಲೆಲ್ಲ ಹೆಸರು ಹಿಡಿದು ಸರ್ವರ್‌ನ ದಾರಿ ತೋರುವ ಡಿಎನ್‌ಎಸ್ ಪಟ್ಟಿಗೆ ಒಂದು ಸಾಲು ಸೇರಿಸುತ್ತ ಕೂತರೆ ಮುಗಿಯುವ ಕೆಲಸವಲ್ಲ. ಅದಕ್ಕೇ ವೈಲ್ಡ್‌ಕಾರ್ಡ್: ಹೆಸರಿನ ಜಾಗದಲ್ಲಿ ಒಂದು ನಕ್ಷತ್ರ ಚಿಹ್ನೆ. ಯಾವ ಹೆಸರು ಕೇಳಿ ಬಂದರೂ ಇದೇ ಸರ್ವರ್‌ಗೆ ಕಳಿಸು ಎಂದರ್ಥ. 1987ರ ಡಿಎನ್‌ಎಸ್ ನಿಯಮಾವಳಿಯಲ್ಲೇ ಇದಕ್ಕೆ ಜಾಗವಿದೆ. ‘ಮೇಲ್’ ಎಂಬ ಹೆಸರಿಗೆ ಬೇರೆ ಸಾಲು ಬರೆದಿದ್ದರೆ ಮಾತ್ರ ಅಲ್ಲಿ ನಕ್ಷತ್ರದ ಆಟ ನಡೆಯದು.

ವೆಬ್ ಸರ್ವರ್ ತಂತ್ರಾಂಶವಾದ ಅಪಾಚೆಯ ‘ಸರ್ವರ್‌ಅಲಿಯಾಸ್’ ಸಾಲಿನಲ್ಲೂ ಅದೇ ನಕ್ಷತ್ರ ಬರೆದರೆ ಬಂದವರೆಲ್ಲ ಒಂದೇ ಪಿಎಚ್‌ಪಿ ಕಡತದ ಮುಂದೆ ಬಂದು ನಿಲ್ಲುತ್ತಾರೆ. ಯಾರಿಗೆ ಯಾವ ಅಂಗಡಿ? ಬ್ರೌಸರ್ ತಾನು ಕೇಳುತ್ತಿರುವ ತಾಣದ ಹೆಸರನ್ನು ‘ಹೋಸ್ಟ್’ ಎಂಬ ಸಾಲಿನಲ್ಲಿ ಕಳಿಸಿರುತ್ತದೆ. ಪಿಎಚ್‌ಪಿ ಅದನ್ನು ಮೊದಲ ಚುಕ್ಕಿಗೆ ಕತ್ತರಿಸಿ, ಸಿಕ್ಕ ತುಂಡನ್ನು ಡೇಟಾಬೇಸ್‌ನಲ್ಲಿ ಹುಡುಕುತ್ತದೆ.

ಎಡವುವುದು ಇಲ್ಲೇ. ನಕ್ಷತ್ರಕ್ಕೆ ಯಾರೂ ಅಪರಿಚಿತರಲ್ಲ. ಬಾಯಿಗೆ ಬಂದ ಹೆಸರು ಟೈಪಿಸಿದರೂ ಬಾಗಿಲು ತೆರೆಯುತ್ತದೆ. ಪಟ್ಟಿಯಲ್ಲಿಲ್ಲದ ಹೆಸರಿಗೆ ‘404’ ತೋರಿಸುವುದು ಪಿಎಚ್‌ಪಿ ಬರೆದವರ ಹೊಣೆ. ‘ಅಡ್ಮಿನ್’, ‘ಮೇಲ್’ನಂಥ ಹೆಸರುಗಳನ್ನು ಯಾರಿಗೂ ಕೊಡದೆ ಮೊದಲೇ ಎತ್ತಿಡಬೇಕು. ಇನ್ನೊಂದು, ‘ಹೋಸ್ಟ್’ ಸಾಲಿನಲ್ಲಿ ಏನನ್ನಾದರೂ ಬರೆದು ಕಳಿಸಬಹುದು. ಅದನ್ನು ಕಣ್ಣುಮುಚ್ಚಿ ನಂಬಿ ಪಾಸ್‌ವರ್ಡ್ ಬದಲಿಸುವ ಲಿಂಕ್ ತಯಾರಿಸಿದರೆ, ಆ ಲಿಂಕ್ ಒತ್ತಿದ ಗ್ರಾಹಕರು ಕಳ್ಳನ ತಾಣಕ್ಕೆ ಹೋಗಿ ಇಳಿಯುತ್ತಾರೆ.

ಕನ್ನಡಿಗರು ದಿನವೂ ನೋಡುವ ಉದಾಹರಣೆ ವಿಕಿಪೀಡಿಯ. ಅದನ್ನು ನಡೆಸುವ ಮೀಡಿಯಾವಿಕಿ ಪಿಎಚ್‌ಪಿಯಲ್ಲೇ ಬರೆದ ತಂತ್ರಾಂಶ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಎಡತುದಿಯಲ್ಲಿ ‘ಕೆಎನ್’, 2016ರ ತುಳುವಿಗೆ ‘ಟಿಸಿವೈ’. ಕೋಡ್ ಒಂದೇ, ‘ಕೆಎನ್’ ಕಂಡರೆ ‘ಕೆಎನ್‌ವಿಕಿ’ ಡೇಟಾಬೇಸ್ ತೆರೆದುಕೊಳ್ಳುತ್ತದೆ. ಆದರೆ ಡಿಎನ್‌ಎಸ್‌ನಲ್ಲಿ ಅವರು ನಕ್ಷತ್ರವನ್ನು ನೆಚ್ಚಿಕೊಂಡಿಲ್ಲ, ಭಾಷೆಗಳ ಪಟ್ಟಿಯನ್ನೇ ಇಟ್ಟಿದ್ದಾರೆ. ಹೊಸ ಭಾಷೆ ಅಪರೂಪಕ್ಕೆ ಸೇರುವಲ್ಲಿ ಅದೇ ಸರಿ. ದಿನಕ್ಕೆ ನಾಲ್ಕು ಅಂಗಡಿ ಸೇರುವ ಕಡೆ ನಕ್ಷತ್ರವೇ ವಾಸಿ.

ತಾಣದ ಸುರಕ್ಷತೆಗೆ ಬೇಕಾದ ಸರ್ಟಿಫಿಕೇಟ್ ಒಂದೇ ಎಲ್ಲ ಅಂಗಡಿಗಳಿಗೂ ಸಾಲಬೇಕಾದರೆ ಅದರಲ್ಲೂ ನಕ್ಷತ್ರ ಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2018ರಿಂದ ಅದನ್ನು ಪುಕ್ಕಟೆ ಕೊಡುತ್ತಿದೆ, ಡಿಎನ್‌ಎಸ್ ನಿಮ್ಮದೇ ಎಂದು ಸಾಬೀತು ಮಾಡಿದರೆ. ಅಲ್ಲಿ ನಕ್ಷತ್ರ ದಾಟುವುದು ಒಂದೇ ಚುಕ್ಕಿಯನ್ನು: ‘ಕೆಎನ್ ಡಾಟ್ ವಿಕಿಪೀಡಿಯ’ಕ್ಕೆ ಸಾಲುವ ನಕ್ಷತ್ರ, ಮೊಬೈಲ್ ಓದುಗರಿಗಿದ್ದ ‘ಕೆಎನ್ ಡಾಟ್ ಎಂ ಡಾಟ್ ವಿಕಿಪೀಡಿಯ’ಕ್ಕೆ ಸಾಲುತ್ತಿರಲಿಲ್ಲ. ಅದಕ್ಕೆ ಇನ್ನೊಂದು ನಕ್ಷತ್ರ ಬೇಕಾಗುತ್ತಿತ್ತು.