ಡೀಮನ್ ದೆವ್ವವಲ್ಲ

ತಪ್ಪು ವಿಳಾಸಕ್ಕೆ ಕಳಿಸಿದ ಇಮೇಲ್ ‘ಮೇಲರ್ ಡೀಮನ್’ ಹೆಸರಲ್ಲಿ ವಾಪಸ್ ಬಂದಿತ್ತು. ಪುಣೆಯ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ‘ಇದ್ಯಾವ ಭೂತ ಸರ್?’ ಎಂದು ಹಿಂದಿಯಲ್ಲಿ ಕೇಳಿದ.

ಗ್ರೀಕರ ‘ಡೈಮೋನ್’ ದೆವ್ವವಲ್ಲ. ದೇವರಿಗೂ ಮನುಷ್ಯರಿಗೂ ನಡುವಿನ ಶಕ್ತಿ. ಸುವರ್ಣಯುಗದ ಜನ ಸತ್ತ ಮೇಲೆ ಡೈಮೋನ್‌ಗಳಾಗಿ ಮನುಷ್ಯರನ್ನು ಕಾಯುತ್ತಾರೆ ಎಂದ ಕವಿ ಹೆಸಿಯಡ್. ತಪ್ಪು ಹೆಜ್ಜೆಯಿಡುವಾಗ ತನ್ನನ್ನು ತಡೆಯುವ ಒಳದನಿಯನ್ನು ಸಾಕ್ರಟೀಸ್ ಕರೆದದ್ದೂ ಇದೇ ಮೂಲದ ಪದದಿಂದ. ಕ್ರೈಸ್ತ ಧರ್ಮ ಹರಡಿದಂತೆ ಹಳೆಯ ದೇವತೆಗಳು ಪಿಶಾಚಿಗಳೆನಿಸಿದರು, ಪದದ ಅರ್ಥವೂ ಕೆಟ್ಟಿತು.

1963ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿ, ತೆರೆಮರೆಯಲ್ಲಿ ಸದಾ ದುಡಿಯುವ ಪ್ರೋಗ್ರಾಂಗಳಿಗೆ ಈ ಹೆಸರಿಟ್ಟರು. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಕಲ್ಪನೆಯಲ್ಲಿ ಅಣುಗಳನ್ನು ಬೇರ್ಪಡಿಸುತ್ತ ಕೂತ ‘ಡೀಮನ್’ ಅವರಿಗೆ ಸ್ಫೂರ್ತಿ.

ನಮ್ಮ ತುಳುನಾಡಿನ ಭೂತಗಳದ್ದೂ ಇದೇ ಕಥೆ. ಅವು ಊರು ಕಾಯುವ, ನ್ಯಾಯ ಹೇಳುವ ದೈವಗಳು. ಆದರೆ ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು 1890ರ ದಶಕದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದಾಗ ತಲೆಬರಹವೇ ‘ತುಳುವರ ಡೆವಿಲ್ ವರ್ಷಿಪ್’ ಎಂದಿತ್ತು. ಪಾಡ್ದನ ಉಳಿಸಿದ ಸಂಗ್ರಹವೇ ದೈವಕ್ಕೆ ದೆವ್ವದ ಹೆಸರನ್ನೂ ಅಂಟಿಸಿತು.

ಹುಡುಗನಿಗೆ ಇಷ್ಟೇ ಹೇಳಿದೆ: ‘ಭೂತವೇ ಕಣಪ್ಪ. ಆದರೆ ನಮ್ಮೂರಿನದ್ದು. ಕಾಡುವುದಲ್ಲ, ಕಾಯುವುದು.’